ತೇಪೆ ಒಣಗುವವರೆಗೆ

ನಾನೊಂದು ಟಾರ್ಪಾಲು. ಹದಿನೆಂಟು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಬಣ್ಣ ಹಸಿರು. ಈಗ ಯಾರೂ ಹಸಿರು ಎನ್ನುವುದಿಲ್ಲ.

ನನ್ನದು ಹುಟ್ಟು ಎನ್ನಬಹುದೋ ಇಲ್ಲವೋ ತಿಳಿಯದು. ಒಂದು ದಪ್ಪ ಬಟ್ಟೆಯನ್ನು ಎರಡು ಬಿಸಿ ಉರುಳೆಗಳ ನಡುವೆ ಎಳೆದರು. ಎರಡೂ ಮೈಗೆ ಕರಗಿದ ಪ್ಲಾಸ್ಟಿಕ್ಕು ಬಳಿದರು. ಪೂರ್ತಿ ತಣ್ಣಗಾಗುವ ಮೊದಲೇ ಕತ್ತರಿಸಿದರು. ಅಂಚು ಮಡಚಿ ಹೊಲಿದು, ಸುತ್ತಲೂ ತೂತು ಹೊಡೆದು, ಪ್ರತಿ ತೂತಿಗೂ ಒಂದು ಹಿತ್ತಾಳೆ ಬಳೆ ಕೂರಿಸಿದರು. ಹಗ್ಗ ಪೋಣಿಸುವ ಆ ತೂತುಗಳಿಗೆ ಕಣ್ಣು ಎನ್ನುತ್ತಾರೆ. ಮೂವತ್ತು ಕಣ್ಣು ನನಗೆ. ಒಂದಕ್ಕೂ ರೆಪ್ಪೆಯಿಲ್ಲ.

ನೀರನ್ನು ಆಚೆ ಇಡುವುದು ನನ್ನ ಕೆಲಸ. ಮಾರಿದವನೂ ಹಾಗೆಂದ, ಕೊಂಡವನೂ ಅದನ್ನೇ ನೋಡಿ ಕೊಂಡ. ಕೊಂಡವನು ಬಾಬಾಜಾನ್ ಎಂಬ ಲಾರಿ ಡ್ರೈವರ್. ತಿಪಟೂರಿನಿಂದ ಕೊಬ್ಬರಿ ತುಂಬಿಕೊಂಡು ಉತ್ತರದ ಕಡೆ ಹೋಗುತ್ತಿದ್ದ. ಆರು ವರ್ಷ ಅವನ ಲಾರಿಯ ಮೇಲೆ ಮಲಗಿದೆ. ಬೆನ್ನಿಗೆ ಬಿಸಿಲು, ಹೊಟ್ಟೆಗೆ ಕೊಬ್ಬರಿ. ಒಂದು ಹನಿ ನೀರು ಒಳಗೆ ಬಿಡಲಿಲ್ಲ. ಕೊಬ್ಬರಿಯ ಎಣ್ಣೆ ಮಾತ್ರ ನನ್ನೊಳಗೆ ಇಳಿಯಿತು; ಎಲ್ಲಿ ಬಿಚ್ಚಿದರೂ ನನ್ನ ಮೈ ಆಗತಾನೆ ತಲೆಗೆ ಎಣ್ಣೆ ಹಚ್ಚಿಸಿಕೊಂಡ ಮಗುವಿನಂತೆ ವಾಸನೆ ಹೊಡೆಯುತ್ತಿತ್ತು.

ಒಂದು ದಿನ ಬಾಬಾಜಾನ್ ನನ್ನ ಹಗ್ಗ ಬಿಗಿಯುವಾಗ ಬಾಯಲ್ಲಿದ್ದ ಬೀಡಿಯ ಕಿಡಿ ಉದುರಿತು. ಸರಿಯಾಗಿ ನಡುವಿಗೆ, ಎಂಟಾಣೆ ಅಗಲದ ತೂತು. ಲಾರಿಯ ಮಾಲಿಕನಿಗೆ ಅವನು ಇಲಿ ಕಡಿದಿದೆ ಎಂದ. ಸುಟ್ಟ ಅಂಚನ್ನು ಮುಟ್ಟಿ ನೋಡಿದ ಮಾಲಿಕ, ಬೀಡಿ ಸೇದುವ ಇಲಿ ನಮ್ಮ ಲಾರಿಯಲ್ಲಿ ಒಂದೇ ಇರುವುದು ಎಂದ. ಹೊಸ ಟಾರ್ಪಾಲು ಬಂತು. ನನ್ನನ್ನು ತಿಪಟೂರಿನ ಒಂದು ಕೊಬ್ಬರಿ ಗೋಡೌನಿನಲ್ಲಿ ಇಳಿಸಿ, ಮಳೆಗಂತೂ ಆಗುವುದಿಲ್ಲ, ಯಾತಕ್ಕಾದರೂ ಇರಲಿ ಎಂದು ಹೇಳಿ ಬಾಬಾಜಾನ್ ಹೋದ.

ಆ ಗೋಡೌನು ಒಂದು ಮನೆಯ ಹಿತ್ತಲಲ್ಲಿತ್ತು. ಇಬ್ಬರು ಅಣ್ಣತಮ್ಮಂದಿರ ಮನೆ. ಅಣ್ಣ ಓಂಕಾರಪ್ಪ ವ್ಯಾಪಾರ ನೋಡಿಕೊಳ್ಳುತ್ತಿದ್ದ. ಹೆಂಡತಿ ಮಕ್ಕಳೊಂದಿಗೆ ಹಿಂದಿನ ಬೀದಿಯಲ್ಲಿ ಬೇರೆ ಮನೆ ಮಾಡಿದ್ದ. ತಮ್ಮ ಯತೀಶ ತಾಯಿ ಸರ್ವಮಂಗಳಮ್ಮನ ಜೊತೆ ಈ ಮನೆಯಲ್ಲಿದ್ದ. ಅವನ ಹೆಂಡತಿ ದಾಕ್ಷಾಯಿಣಿ, ಮನೆಯವರ ಬಾಯಲ್ಲಿ ದಾಕ್ಷಿ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಎಮ್ಮೆಸ್ಸಿ ಮಾಡಿದವಳು. ಅವಳ ಓದಿನ ವಿಷಯವನ್ನು ಅತ್ತೆ ನೆಂಟರಿಗೆ ಹೇಳುವಾಗ ಸ್ವಲ್ಪ ಹೆಮ್ಮೆ, ಸ್ವಲ್ಪ ದೂರು ಎರಡೂ ಇರುತ್ತಿದ್ದವು.

ನನ್ನನ್ನು ಅಂಗಳದಲ್ಲಿ ಹಾಸಿ ಕೊಬ್ಬರಿ ಹರವುತ್ತಿದ್ದರು. ಅಲ್ಲಿಂದ ಹಿತ್ತಲ ಬಾಗಿಲ ಮೂಲಕ ಹಜಾರ ಕಾಣುತ್ತಿತ್ತು. ಹಜಾರದಲ್ಲಿ ಗಾಜಿನ ಒಂದು ದೊಡ್ಡ ತೊಟ್ಟಿ. ಅದರಲ್ಲಿ ಒಂದು ಮೀನು. ಎರಡು ಅಡಿ ಉದ್ದ, ಬೆಳ್ಳಿಯ ತಗಡಿನಂತೆ ಹೊಳೆಯುವ ದೊಡ್ಡ ದೊಡ್ಡ ಹುರುಪೆ, ಮೇಲಕ್ಕೆ ತೆರೆದ ಬಾಯಿ, ಗಲ್ಲದಲ್ಲಿ ಎರಡು ಮೀಸೆ. ಅರೋವಾನಾ ಎನ್ನುತ್ತಿದ್ದರು. ಮೊಟ್ಟೆಯನ್ನೂ ಒಳಗೆ ಬಿಡದ ಆ ಮನೆಗೆ ಮೀನು ಹೇಗೆ ಬಂತು ಎಂದು ನನಗೆ ಆಶ್ಚರ್ಯವಿತ್ತು. ಕೊಬ್ಬರಿ ಸುಲಿಯುವ ಚೌಡಮ್ಮ ಜೊತೆಯವರಿಗೆ ಹೇಳುವಾಗ ಕೇಳಿ ತಿಳಿದುಕೊಂಡೆ.

ಯತೀಶ ಅದನ್ನು ಮರಿಯಾಗಿದ್ದಾಗಲೇ ತಂದನಂತೆ. ಗೇಣುದ್ದ ಇತ್ತಂತೆ. ಅಡ್ಡವಾಸನೆಯ ಪ್ರಾಣಿ ಮನೆಯಲ್ಲಿ ಬೇಡವೇ ಬೇಡ ಎಂದು ತಾಯಿ ಒಂದು ಹೊತ್ತು ಊಟ ಬಿಟ್ಟರಂತೆ. ಆಗ ಮೀನಿನ ಅಂಗಡಿಯವನೇ ಮನೆಗೆ ಬಂದು ವಿವರಿಸಿದ. ಈ ಮೀನು ಸುಮ್ಮನೆ ಸಾಯುವುದಿಲ್ಲ, ಯಜಮಾನನಿಗೆ ಗಂಡಾಂತರ ಬಂದಾಗ ಅದನ್ನು ತನ್ನ ಮೇಲೆ ಎಳೆದುಕೊಂಡು ಸಾಯುತ್ತದೆ, ಅದಕ್ಕೇ ದೊಡ್ಡ ದೊಡ್ಡವರ ಮನೆಯಲ್ಲಿ ಇದನ್ನು ಇಟ್ಟಿರುತ್ತಾರೆ ಎಂದ. ಅಂದಿನಿಂದ ಸರ್ವಮಂಗಳಮ್ಮ ಪೂಜೆ ಮುಗಿಸಿ ಹೊರಗೆ ಬರುವಾಗ ತೊಟ್ಟಿಯ ಗಾಜಿಗೂ ಒಂದು ಬೆರಳು ವಿಭೂತಿ ಎಳೆಯತೊಡಗಿದರು. ಮೀನಿಗೆ ಅಂಗಡಿಯ ಕಾಳು ಮಾತ್ರ ಎಂದು ಮಾತಾಗಿತ್ತು. ಯತೀಶ ಗೋಡೌನಿನ ಜಿರಲೆಗಳನ್ನು ಹಿಡಿದು ಷರ್ಟಿನ ಜೇಬಿನಲ್ಲಿಟ್ಟುಕೊಂಡು ಹೋಗುವುದನ್ನು ನಾನು ನೋಡುತ್ತಿದ್ದೆ. ದಾಕ್ಷಿಯೂ ನೋಡುತ್ತಿದ್ದಳು. ಆ ಷರ್ಟು ಒಗೆಯುತ್ತಿದ್ದವಳು ಅವಳೇ.

ಅವನು ನಗುವ ಮನುಷ್ಯ. ಅವಳು ಕಡಿಮೆ ನಗುವವಳು, ಆದರೆ ಅವನು ನಕ್ಕಾಗ ಅವಳ ಮುಖ ನೋಡುವ ಹಾಗಿರುತ್ತಿತ್ತು. ನಾನು ಕಂಡ ಅವರ ಸಂಸಾರ ಇಷ್ಟೆ.

ಆ ಬೆಳಗ್ಗೆ ಹಜಾರದಲ್ಲಿ ಏನಾಯಿತೆಂದು ನಾನು ಕಾಣಲಿಲ್ಲ, ಮಡಚಿಟ್ಟಿದ್ದರು. ಸದ್ದು ಕೇಳಿದೆ. ಆಮೇಲೆ ಅದನ್ನು ನೂರು ಸಲ ಹೇಳಿದ್ದನ್ನು ಕೇಳಿದೆ. ತೊಟ್ಟಿಯ ಕಬ್ಬಿಣದ ಸ್ಟ್ಯಾಂಡಿನ ಒಂದು ಕಾಲು ತುಕ್ಕು ಹಿಡಿದಿತ್ತು. ಅದು ವಾಲಿದ್ದನ್ನು ಕಂಡು ಯತೀಶ ಕೆಳಗೆ ಮರದ ತುಂಡು ಸೇರಿಸಲು ಹೋದ. ಮುಂದಿನ ಗಾಜು ಸೀಳಿತು. ನೀರೆಲ್ಲ ಒಂದೇ ಸಲ ಅವನ ಎದೆಗೆ ಬಂತು. ಜಾರಿ ಹಿಂದಕ್ಕೆ ಬಿದ್ದ. ತಲೆಯ ಹಿಂಭಾಗ ಹೊಸ್ತಿಲಿಗೆ ಬಡಿಯಿತು.

ಎದ್ದು ಕೂತು ನಕ್ಕನಂತೆ. ಮೊದಲು ಮೀನು ನೋಡು ಅಂದನಂತೆ.

ದಾಕ್ಷಿ ಒದ್ದೆ ಟವೆಲಿನಲ್ಲಿ ಮೀನನ್ನು ಸುತ್ತಿ ಓಡಿ ಬಚ್ಚಲುಮನೆಯ ಸಿಮೆಂಟು ತೊಟ್ಟಿಗೆ ಬಿಟ್ಟಳು. ಮೀನಿಗಿಂತ ಆ ತೊಟ್ಟಿ ಗಿಡ್ಡ. ಬಾಲ ಮಡಚಿಕೊಂಡು, ಮೂತಿ ಗೋಡೆಗೆ ತಾಗಿಸಿಕೊಂಡು ಅದು ನಿಂತಿತು. ಅದು ಸರ್ವಮಂಗಳಮ್ಮನ ಪೂಜೆಯ ನೀರಿನ ತೊಟ್ಟಿ. ಅವರಿನ್ನೂ ಸ್ನಾನ ಮಾಡಿರಲಿಲ್ಲ.

ಯತೀಶ ಹಿತ್ತಲಿಗೆ ಬಂದ. ತಲೆಯ ಹಿಂದೆ ನಿಂಬೆಹಣ್ಣಿನಷ್ಟು ಬೋರೆ ಎದ್ದಿತ್ತು. ತಾಯಿ ಅದಕ್ಕೆ ಕೊಬ್ಬರಿ ಎಣ್ಣೆ ಮೆತ್ತಿ ತಿಕ್ಕಿದ್ದರು. ಅವನ ಕಣ್ಣು ಗೋಡೌನಿನ ಸುತ್ತ ತಿರುಗಿ, ಕಾಂಪೌಂಡಿಗೆಂದು ತಂದು ಉಳಿದಿದ್ದ ಸಿಮೆಂಟು ಇಟ್ಟಿಗೆಗಳ ಮೇಲೆ ನಿಂತು, ಆಮೇಲೆ ನನ್ನ ಮೇಲೆ ನಿಂತಿತು.

"ದಾಕ್ಷಿ, ಮನೆ ಸಿಕ್ತು," ಎಂದ.

ಮೀನಿನ ಅಂಗಡಿಗೆ ಫೋನು ಮಾಡಿದ. ಹೊಸ ಗಾಜಿನ ತೊಟ್ಟಿಗೆ ಹದಿನೈದು ದಿನ ಬೇಕು ಎಂದರು. ಆಯಿತು, ಹದಿನೈದು ದಿನದ ಬಾಡಿಗೆ ಮನೆ ಎಂದು ಹೇಳಿ ಅವನು ಕೆಲಸಕ್ಕೆ ಕೂತ.

ಆ ಮನೆ ಕಟ್ಟಿದ ರೀತಿ ಹೀಗೆ. ಗೋಡೌನಿನ ನೆರಳಿನಲ್ಲಿ ಎಂಟಡಿಗೆ ನಾಲ್ಕಡಿ ಜಾಗ ಗುಡಿಸಿದರು. ಸುತ್ತ ಇಟ್ಟಿಗೆಗಳನ್ನು ಮೂರು ವರಸೆ ಪೇರಿಸಿದರು. ಗಾರೆಯಿಲ್ಲ, ನೀರು ತುಂಬಿದಾಗ ಗೋಡೆ ಆಚೆಗೆ ತಳ್ಳಿಕೊಳ್ಳದಂತೆ ಲಾರಿಯ ಹಗ್ಗವನ್ನು ಸುತ್ತ ಎರಡು ಸುತ್ತು ಬಿಗಿದರು. ಇಟ್ಟಿಗೆಯ ಚೂಪು ನನಗೆ ತಾಗದಿರಲೆಂದು ಗೋಡೆಯ ಮೇಲೆಲ್ಲ ಗೋಣಿಚೀಲ ಹೊದಿಸಿದರು. ನೆಲಕ್ಕೆ ತೆಂಗಿನ ನಾರು ಹಾಸಿದರು. ಇಷ್ಟು ಮುತುವರ್ಜಿಯನ್ನು ನನಗಾಗಿ ಯಾರೂ ಮಾಡಿರಲಿಲ್ಲ.

ನನ್ನ ಮೈಯ ಜಿಡ್ಡು ತೆಗೆಯಬೇಕಿತ್ತು. ಚೌಡಮ್ಮ ಒಳಗೆ ಹೋಗಿ ಒಂದು ಬಟ್ಟಲು ತಂದಳು.

"ಸೀಗೆಪುಡಿ ತಂದಿವ್ನಿ ಕಣವ್ವ. ತಿಕ್ಕುದ್ರೆ ಎಣ್ಣೆ ಪಣ್ಣೆ ಎಲ್ಲ ಹೊಂಟೋಯ್ತದೆ."

ದಾಕ್ಷಿ ಬಟ್ಟಲನ್ನು ಅವಳ ಕೈಯಿಂದ ತೆಗೆದು ದೂರ ಇಟ್ಟಳು. "ಸೋಪೂ ಬೇಡ, ಸೀಗೇನೂ ಬೇಡ ಚೌಡಮ್ಮ. ಸೀಗೆ ನೊರೆ ನೀರಲ್ಲಿದ್ರೆ ಮೀನಿಗೆ ಉಸಿರಾಡಕ್ಕಾಗಲ್ಲ. ಒಂದು ಬಟ್ಟಲು ಸಾಕು, ಸತ್ತುಹೋಗುತ್ತೆ."

ಸರ್ವಮಂಗಳಮ್ಮ ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ಅವರಿಗೂ ಕೇಳಿಸಿತು. ಅವರ ಮುಖದಲ್ಲಿ ಆಗ ಏನೂ ಇರಲಿಲ್ಲ.

ಕಡಲೆಹಿಟ್ಟಿನಿಂದ ನನ್ನನ್ನು ತೊಳೆದರು, ಹಬ್ಬದ ದಿನ ಮಕ್ಕಳಿಗೆ ಎಣ್ಣೆ ತೆಗೆಯುವ ಹಾಗೆ. ಮೂರು ಸಲ ತೊಳೆದರು. ಆಮೇಲೆ ತೂತು ಕಣ್ಣಿಗೆ ಬಿತ್ತು.

ಯತೀಶ ಹಳೇ ಸೈಕಲ್ ಟ್ಯೂಬು ಕತ್ತರಿಸಿ ಅಂಗೈಯಗಲದ ತೇಪೆ ಮಾಡಿದ. ಪಂಕ್ಚರ್ ಹಾಕುವ ಸಲ್ಯೂಷನ್ನು ಹುಡುಕಿ ತಂದ. ಅದರ ವಾಸನೆ ನೀರಿಗೆ ಬೇಡ, ತೇಪೆಯನ್ನು ಕೆಳಮೈಗೆ ಹಾಕಿ, ನೀರಿನ ಭಾರವೇ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ ಎಂದು ದಾಕ್ಷಿ ಹೇಳಿದಳು. ಚೆನ್ನಾಗಿ ಒಣಗಲಿ, ಒಂದು ಗಂಟೆಯಾದರೂ ಬಿಸಿಲು ಬೀಳಲಿ ಎಂದೂ ಅವಳೇ ಹೇಳಿದಳು. ಅವನು ನನ್ನನ್ನು ಮಗುಚಿ ಹಾಕಿ, ಮಂಡಿಯೂರಿ, ಉಪ್ಪುಕಾಗದದಿಂದ ಸುಟ್ಟ ಅಂಚನ್ನು ಉಜ್ಜಿದ. ಉಜ್ಜುತ್ತ ಕೇಳಿದ, ಸಲ್ಯೂಷನ್ ಎಲ್ಲಿ? ಅದು ಅವನ ಎಡಗೈಯಲ್ಲೇ ಇತ್ತು. ದಾಕ್ಷಿ ತೋರಿಸಿದಳು. ನಕ್ಕ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ.

ತೇಪೆ ಅಂಟಿಸಿ, ಮೇಲೆ ಒಂದು ಇಟ್ಟಿಗೆ ಹೇರಿ ಎದ್ದವನು ಸಿಪ್ಪೆಯ ರಾಶಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡ. ದಾಕ್ಷಿ ಹಿಂದೆಯೇ ಹೋದಳು.

"ಡಾಕ್ಟರ್ ಹತ್ರ ಹೋಗ್ಬರೋಣ ನಡೀರಿ."

"ಖಾಲಿ ಹೊಟ್ಟೆ ಕಣೇ, ಪಿತ್ತ. ಇದೊಂದು ಒಣಗ್ಲಿ. ನೀರು ಬಿಟ್ಟು ಹೋಗೋಣ."

ಬಚ್ಚಲ ಬಾಗಿಲಿನಿಂದ ಸರ್ವಮಂಗಳಮ್ಮ ಕೂಗಿದರು. "ನನ್ನ ಪೂಜೆಗೆ ಹೊತ್ತಾಯ್ತು. ಆ ಮೀನು ಮೊದ್ಲು ಆಚೆ ಹಾಕಿ, ಆಮೇಲೆ ಎಲ್ಲಿಗಾದ್ರೂ ಹೋಗಿ."

ದಾಕ್ಷಿ ಗಂಡನ ಮುಖ ನೋಡಿದಳು. ಬಚ್ಚಲ ಕಡೆ ನೋಡಿದಳು. ಬಿಸಿಲಿನಲ್ಲಿ ಅಂಗಾತ ಬಿದ್ದಿದ್ದ ನನ್ನನ್ನು ನೋಡಿದಳು.

"ಸರಿ," ಎಂದಳು.

ನನಗೆ ಮೂವತ್ತು ಕಣ್ಣಿದ್ದರೂ ಬಾಯಿಯಿಲ್ಲ. ಇದ್ದಿದ್ದರೂ ಏನು ಹೇಳುತ್ತಿದ್ದೆನೋ. ಆ ಹೊತ್ತಿನಲ್ಲಿ ನಾನು ತೇಪೆ ಸರಿಯಾಗಿ ಅಂಟಲಿ ಎಂದು ಮಾತ್ರ ಬಯಸುತ್ತಿದ್ದೆ.

ಒಂದು ಗಂಟೆ ಒಣಗಿದೆ. ನನ್ನನ್ನು ಒಳಗೆ ಇಳಿಬಿಟ್ಟು ಅಂಚುಗಳನ್ನು ಇಟ್ಟಿಗೆಯಿಂದ ಅದುಮಿದರು. ಬೋರಿನ ನೀರನ್ನು ಎತ್ತರದಿಂದ ಬಿಟ್ಟರು, ಗಾಳಿ ಬೆರೆಯಲೆಂದು. ಹುಟ್ಟಿದಾಗಿನಿಂದ ಆಚೆ ಇಟ್ಟಿದ್ದ ನೀರು ಮೊದಲ ಸಲ ನನ್ನ ಒಳಗೆ ಬಂತು. ಎಲ್ಲ ಕಡೆಯೂ ಒತ್ತಿತು. ತೇಪೆ ಅಲ್ಲಾಡಲಿಲ್ಲ. ಹಳೆಯ ತೊಟ್ಟಿಯ ಗಾಳಿಯ ಪಂಪು, ಫಿಲ್ಟರು ತಂದು ಜೋಡಿಸಿದರು. ಇಬ್ಬರೂ ಸೇರಿ ಮೀನನ್ನು ತಂದು ಬಿಟ್ಟರು. ಈ ಜಾತಿಯ ಮೀನು ಹಾರುತ್ತದಂತೆ. ಅದಕ್ಕೆ ಮೇಲೆ ಸೊಳ್ಳೆಪರದೆ ಎಳೆದು ಸುತ್ತ ಇಟ್ಟಿಗೆ ಇಟ್ಟರು.

ಮೀನು ಮೊದಲು ತಳದಲ್ಲಿ ನಿಂತಿತು. ಆಮೇಲೆ ಉದ್ದಕ್ಕೆ ಹೋಗಿ, ಮೂಲೆಯಲ್ಲಿ ಬಾಗಿ, ವಾಪಸು ಬಂತು.

"ನೋಡು, ತಿರುಗ್ತು," ಎಂದ ಯತೀಶ. ಮಾತು ಸ್ವಲ್ಪ ತೊದಲಿತ್ತು. ನನ್ನ ಅಂಚಿಗೆ ಗಲ್ಲ ಆನಿಸಿ ಕೂತಿದ್ದ. ಒಂದು ಗಳಿಗೆ ಮಲಗುತ್ತೇನೆ, ಎಬ್ಬಿಸು ಎಂದ. ಮೀನು ನೋಡಿಕೋ ಎಂದ. ಒಳಗೆ ಹೋಗಿ ಮಲಗಿದ.

ಎಬ್ಬಿಸಿದರೆ ಏಳಲಿಲ್ಲ.

ಓಂಕಾರಪ್ಪ ಕಾರು ತಂದ. ತುಮಕೂರಿನ ಆಸ್ಪತ್ರೆಯಲ್ಲಿ ತಲೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. ಪೆಟ್ಟು ಬಿದ್ದ ಮೇಲೆ ಕೆಲವರು ಎರಡು ಮೂರು ಗಂಟೆ ಸರಿಯಾಗೇ ಓಡಾಡುತ್ತಾರೆ, ಒಳಗೆ ರಕ್ತ ತುಂಬುತ್ತಿರುತ್ತದೆ, ಆಗಲೇ ಕರೆತಂದಿದ್ದರೆ ಎಂದು ಡಾಕ್ಟರು ಶುರು ಮಾಡಿ, ದಾಕ್ಷಿಯ ಮುಖ ನೋಡಿ ನಿಲ್ಲಿಸಿದರಂತೆ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಆ ಸಂಜೆ ಹಿಂತಿರುಗಿ ಬಂದು, ಮೀನಿಗೆ ಕಾಳು ಹಾಕಲು ಕೂತಾಗ, ನೀರಿನ ಕಡೆ ಮುಖ ಮಾಡಿ ಡಾಕ್ಟರ ಮಾತನ್ನು ಒಂದು ಸಲ ಅವರ ಹಾಗೇ ಹೇಳಿದಳು. ಅವರು ನಿಲ್ಲಿಸಿದಲ್ಲೇ ನಿಲ್ಲಿಸಿದಳು.

ಆಸ್ಪತ್ರೆಯ ಐಸಿಯುವಿನಲ್ಲಿ ಒಬ್ಬರಿಗೇ ಇರಲು ಬಿಡುತ್ತಿದ್ದರು. ಓಂಕಾರಪ್ಪ ಅಲ್ಲಿ ಉಳಿದ. ದಾಕ್ಷಿ ಬೆಳಗಿನ ರೈಲಿಗೆ ಹೋಗಿ, ಗಾಜಿನ ಆಚೆಯಿಂದ ನೋಡಿ, ಮಧ್ಯಾಹ್ನ ಹಿಂತಿರುಗುತ್ತಿದ್ದಳು. ಬಂದವಳು ಮೊದಲು ನೀರು ಮುಟ್ಟಿ ನೋಡುತ್ತಿದ್ದಳು. ಕಾಲುಭಾಗ ನೀರು ತೆಗೆದು ಹೊಸ ನೀರು ಬಿಡುತ್ತಿದ್ದಳು. ಗಂಡ ಎದ್ದ ತಕ್ಷಣ ಕೇಳುವ ಮೊದಲ ಮಾತು ಅವಳಿಗೆ ಗೊತ್ತಿತ್ತು. ಅದಕ್ಕೆ ಉತ್ತರ ಸಿದ್ಧವಿಟ್ಟುಕೊಳ್ಳುವುದೊಂದೇ ಅವಳ ಕೈಯಲ್ಲಿತ್ತು.

ಸರ್ವಮಂಗಳಮ್ಮನ ಕೈಯಲ್ಲಿ ಇನ್ನೊಂದು ಇತ್ತು.

ನಾಲ್ಕನೆಯ ದಿನ ಸೊಸೆ ರೈಲಿಗೆ ಹೋದ ಮೇಲೆ, ಮಟಮಟ ಮಧ್ಯಾಹ್ನ ಅವರು ಹಿತ್ತಲಿಗೆ ಬಂದರು. ಚೌಡಮ್ಮ, ಜೊತೆಯವರು ಊಟಕ್ಕೆ ಹೋಗಿದ್ದರು. ಕೈಯಲ್ಲಿ ಬಟ್ಟಲು. ಪರದೆ ಸರಿಸಿ ನನ್ನ ಅಂಚಿನ ಮೇಲೆ ಕೂತರು. ಮಗುವನ್ನು ಮಲಗಿಸಲು ಬಂದವರ ಹಾಗೆ ಕೂತರು. ಮೀನು ಕಾಳು ಬಂತೆಂದು ಮೇಲೆ ಬಂದು, ಅವರ ಕೈಯ ಹತ್ತಿರವೇ ಬಾಯಿ ತೆರೆಯಿತು.

"ಹೋಗು ನನ್ನಪ್ಪ," ಎಂದರು. "ಇಷ್ಟು ವರ್ಷ ಇದಕ್ಕೇ ತಾನೆ ಸಾಕಿದ್ದು ನಿನ್ನ."

ಬಟ್ಟಲನ್ನು ಬೋರಲು ಹಾಕಿದರು. ಕೈಯಿಂದ ಚೆನ್ನಾಗಿ ಕಲಸಿದರು. ಒಳಗೆ ಹೋಗಿ ಇನ್ನೊಂದು ಬಟ್ಟಲು ತಂದರು.

ನೀರು ಕಂದಾಯಿತು. ಗಾಳಿಯ ಪಂಪು ಅದನ್ನು ಕಡೆದು ಕಡೆದು ಗೇಣೆತ್ತರ ನೊರೆ ಎಬ್ಬಿಸಿತು. ಮೀನು ಉದ್ದಕ್ಕೂ ಅಡ್ಡಕ್ಕೂ ಬಡಿದುಕೊಂಡಿತು. ನನ್ನ ಎರಡು ಗೋಡೆಗೂ ಅದರ ಮೂತಿ ತಾಗಿತು. ನನ್ನಿಂದ ಜಾಗ ಬಿಡಲಾಗುತ್ತದೆಯೇ? ನಾನು ಕೆಲಸ ಮಾಡಿದೆ. ಒಂದು ತೊಟ್ಟು ಆಚೆ ಬಿಡಲಿಲ್ಲ. ಅರ್ಧ ಗಂಟೆಯಲ್ಲಿ ಮೀನು ಮಗ್ಗುಲಾಯಿತು. ಸರ್ವಮಂಗಳಮ್ಮ ಕದಲದೆ ನೋಡುತ್ತಿದ್ದರು. ಅವರ ತುಟಿ ಪಂಚಾಕ್ಷರಿ ಜಪಿಸುತ್ತಿತ್ತು.

ದಾಕ್ಷಿ ಚೀಲ ಹೆಗಲಲ್ಲಿರುವಂತೆಯೇ ಹಿತ್ತಲಿಗೆ ಬಂದಳು. ನೊರೆ ನೋಡಿದಳು. ಬಟ್ಟಲು ನೋಡಿದಳು. ಚೀಲ ಕೆಳಗೆ ಹಾಕಿ, ಸೀರೆ ಎತ್ತಿ ಕಟ್ಟಿ ನನ್ನೊಳಗೆ ಇಳಿದಳು. ಪೈಪು ಎಳೆದು ಹಾಕಿ ನೀರನ್ನು ಆಚೆ ಬಿಟ್ಟಳು, ಬೋರಿನ ಪೈಪನ್ನು ಈಚೆ ಬಿಟ್ಟಳು. ಮೀನಿನ ಹೊಟ್ಟೆಯ ಕೆಳಗೆ ಕೈ ಕೊಟ್ಟು, ಅದರ ಬಾಯನ್ನು ಹೊಸ ನೀರಿನ ಧಾರೆಗೆ ಹಿಡಿದಳು.

"ಬಿಡೇ ಅದನ್ನ," ಎಂದರು ಅತ್ತೆ. ದನಿ ಮೆತ್ತಗಿತ್ತು. "ಅದು ಹೋದ್ರೆ ಅವನು ಉಳೀತಾನೆ. ಕೈ ಬಿಡು ತಾಯಿ."

"ಅದೆಲ್ಲ ಅಂಗಡಿಯವರ ಕಥೆ ಅತ್ತೆ."

"ಕಥೆನೇ ಇರ್ಲಿ. ನಿಂಗೇನು ಹೋಗದು? ಒಂದು ಮೀನು."

"ನೋಡ್ಕೋ ಅಂದಿದಾರೆ. ಎದ್ದು ಕೇಳ್ತಾರೆ."

"ಎದ್ರೆ ತಾನೆ ಕೇಳೋದು. ದಾಕ್ಷಿ, ನಿನ್ನ ಕಾಲಿಗೆ ಬೀಳ್ತೀನಿ."

ಅತ್ತೆ ನಿಜವಾಗಿಯೂ ಬಗ್ಗಿದರು. ಸೊಸೆಯ ಕಾಲು ನೀರಿನಲ್ಲಿತ್ತು, ನನ್ನ ಅಂಚು ಅವರ ಹಣೆಗೆ ತಾಗಿತು. ದಾಕ್ಷಿ ತಿರುಗಿ ನೋಡಲಿಲ್ಲ. ಮೀನನ್ನು ಹಿಂದಕ್ಕೂ ಮುಂದಕ್ಕೂ ನೀರಿನಲ್ಲಿ ಆಡಿಸುತ್ತಿದ್ದಳು, ಕಿವಿರಿನೊಳಗೆ ನೀರು ಹೋಗಲೆಂದು. ಒಂದು ಗಂಟೆ ಆಡಿಸಿದಳು. ಕಂದು ಬಣ್ಣ ತಿಳಿಯಾಯಿತು. ಮೀನು ಅವಳ ಕೈಯಿಂದ ಜಾರಿ, ಒಂದು ಸಲ ಮಗ್ಗುಲಾಗಿ, ಸಾವರಿಸಿಕೊಂಡು, ಮೂಲೆಗೆ ಹೋಗಿ ತಿರುಗಿತು.

ಅವಳು ನಕ್ಕಳೋ ಅತ್ತಳೋ, ಬಗ್ಗಿದ್ದರಿಂದ ಕಾಣಲಿಲ್ಲ.

ಫೋನು ಚೀಲದಲ್ಲಿ ಹೊಡೆದುಕೊಳ್ಳುತ್ತಿತ್ತು. ಎಷ್ಟು ಹೊತ್ತಿನಿಂದಲೋ. ಸರ್ವಮಂಗಳಮ್ಮ ತೆಗೆದರು. ಓಂಕಾರಪ್ಪ ಹೇಳಿದ್ದನ್ನು ಕೇಳಿದರು. ಫೋನನ್ನು ನನ್ನ ಅಂಚಿನ ಇಟ್ಟಿಗೆಯ ಮೇಲೆ ಮೆಲ್ಲಗೆ ಇಟ್ಟರು.

"ಉಳಿಸ್ಕೊಂಡ್ಯಲ್ಲ," ಎಂದರು. "ನಿನ್ನ ಮೀನನ್ನ."

ಯತೀಶನನ್ನು ಅವರ ತೆಂಗಿನ ತೋಟದಲ್ಲಿ ಕೂರಿಸಿ ಮಣ್ಣು ಮಾಡಿದರು. ನಾನು ಹೋಗಲಿಲ್ಲ; ನನ್ನೊಳಗೆ ಮೀನಿತ್ತು. ನನ್ನ ಬಳಿಗೇ ಜನ ಬಂದರು. ಸಾವಿನ ಮನೆಗೆ ಬಂದವರು ಕೈಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಬಂದು, ಪರದೆ ಸರಿಸಿ ಒಳಗೆ ಇಣುಕಿದರು. ಸರ್ವಮಂಗಳಮ್ಮ ಏನನ್ನೂ ಮುಚ್ಚಿಟ್ಟಿರಲಿಲ್ಲ. ಸೀಗೆಪುಡಿ ಹಾಕಿದ್ದನ್ನೂ ಹೇಳಿದ್ದರು. ಅದಕ್ಕೆ ಯಾರೂ ಅವರನ್ನು ಅನ್ನಲಿಲ್ಲ. ಹೆತ್ತ ಕರುಳು ಎಂದರು.

"ಇದೇನಾ ಅದು," ಎಂದಳು ಕಡೂರಿನಿಂದ ಬಂದ ಒಬ್ಬ ನೆಂಟರಾಕೆ. "ಎಷ್ಟು ಗುಂಡುಗುಂಡಾಗಿದೆ ನೋಡು."

"ಎಮ್ಮೆಸ್ಸಿ ಓದಿದೋಳಲ್ವಾ," ಎಂದಳು ಜೊತೆಯಾಕೆ. "ಮೀನಿಗೆ ಉಸಿರು ತುಂಬೋದು ಕಲಿಸಿದಾರೆ. ಗಂಡಂಗೆ ತುಂಬೋದು ಪರೀಕ್ಷೆಗಿರಲಿಲ್ಲವೇನೋ."

ದಾಕ್ಷಿ ಎರಡು ಮಾರು ದೂರದಲ್ಲಿ ಕೊಡ ತೊಳೆಯುತ್ತಿದ್ದಳು. ತೊಳೆದ ಕೊಡವನ್ನೇ ಮತ್ತೆ ತೊಳೆದಳು.

ಮೀನನ್ನು ಕೆರೆಗೆ ಬಿಟ್ಟುಬರುತ್ತೇನೆ ಎಂದು ಓಂಕಾರಪ್ಪ ಹೊರಟ. ತಾಯಿ ತಡೆದರು. ಎಲ್ಲರೂ ಕೂತಿದ್ದ ಹಜಾರದಲ್ಲಿ, ನನಗೂ ಕೇಳುವ ಹಾಗೆ ಹೇಳಿದರು.

"ಯಾಕೆ ಬಿಡಬೇಕು? ಉಳಿಸ್ಕೊಂಡಿದಾಳೆ. ಇರೋವರ್ಗೂ ಅವಳೇ ಸಾಕ್ಲಿ."

ದಾಕ್ಷಿ ಆಗಲೂ ಸರಿ ಎಂದಳು.

ಹದಿನೈದನೆಯ ದಿನ, ಹೇಳಿದ ಮಾತಿಗೆ ಸರಿಯಾಗಿ, ಹೊಸ ಗಾಜಿನ ತೊಟ್ಟಿ ಬಂತು. ಇಬ್ಬರು ಆಳುಗಳು ಬೀದಿಯಲ್ಲಿ ಟೆಂಪೊ ನಿಲ್ಲಿಸಿ ಯತೀಶ್ ಅವರ ಮನೆ ಇದೇನಾ ಎಂದು ಕೂಗಿದರು. ಒಳಗಿನಿಂದ ಯಾರೂ ಬರಲಿಲ್ಲ. ಮತ್ತೆ ಕೂಗಿದರು. ಆಮೇಲೆ ದಾಕ್ಷಿ ಹೋಗಿ ಇದೇ ಎಂದಳು.

ಮೀನು ಹಜಾರಕ್ಕೆ ಹೋಯಿತು. ನನ್ನ ನೀರು ಬಸಿದರು, ಹಗ್ಗ ಬಿಚ್ಚಿದರು, ಗೋಡೆ ಕೆಡವಿದರು. ದಾಕ್ಷಿ ನನ್ನನ್ನು ಮಗುಚಿ ಒಣಹಾಕಿದಾಗ ತೇಪೆ ಮೇಲೆ ಬಂತು. ಚೌಡಮ್ಮ ಅದನ್ನು ಉಗುರಿನಿಂದ ಕೆರೆದು ನೋಡಿದಳು. ಏಳಲಿಲ್ಲ. ಏನು ಅಂಟು ಅಂಟಿಸವ್ರೆ ಅಣ್ಣೋರು ಎಂದಳು.

ಇದು ಆಗಿ ಐದು ವರ್ಷ. ಈಗ ನಾನು ಮಳೆಗೂ ಇಲ್ಲ, ಕೊಬ್ಬರಿಗೂ ಇಲ್ಲ. ಬಿಸಿಲಿಗೆ ಲೇಪ ಬಿರಿದು ಹುಡಿ ಹುಡಿ ಉದುರುತ್ತದೆ. ಓಂಕಾರಪ್ಪ ನನ್ನನ್ನು ಮೂರು ತುಂಡು ಮಾಡಿಸಿದ. ಎರಡು ತುಂಡು ಎಲ್ಲಿ ಹೋದವೋ. ನಡುವಿನ ತುಂಡು ದಾಕ್ಷಿ ಇಟ್ಟುಕೊಂಡಳು. ಆ ತುಂಡೇ ಈಗ ನಾನು. ನಾಲ್ಕೇ ಕಣ್ಣು ಉಳಿದಿವೆ. ವಾರಕ್ಕೊಮ್ಮೆ ತೊಟ್ಟಿಯ ನೀರು ಬದಲಿಸುವಾಗ ಹಜಾರದ ನೆಲ ಒದ್ದೆಯಾಗದಿರಲೆಂದು ನನ್ನನ್ನು ಕೆಳಗೆ ಹಾಸುತ್ತಾಳೆ. ಉಳಿದ ದಿನ ತೊಟ್ಟಿಯ ಸ್ಟ್ಯಾಂಡಿನ ಕೆಳಗೆ ಮಡಚಿಕೊಂಡಿರುತ್ತೇನೆ. ಅಲ್ಲಿಂದ ಅವಳ ಪಾದ ಕಾಣುತ್ತದೆ, ಅತ್ತೆಯ ಮಂಚದ ಕಾಲು ಕಾಣುತ್ತದೆ. ಸರ್ವಮಂಗಳಮ್ಮನಿಗೆ ಮಂಡಿ ಹಿಡಿದ ಮೇಲೆ ಮಂಚ ಹಜಾರಕ್ಕೆ ಬಂದಿದೆ.

ತವರಿನವರು ಎರಡು ಸಲ ಕರೆಯಲು ಬಂದರು. ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸವಿದೆ ಎಂದರು. ಮೀನು ಯಾರು ನೋಡುತ್ತಾರೆ ಎಂದು ಅತ್ತೆ ಕೇಳಿದರು. ಓಂಕಾರಪ್ಪ ಈ ಸಲ ತಾಯಿಯ ಮಾತಿಗೆ ಅಡ್ಡ ಬಂದು, ಕಳಿಸೋಣ ಎಂದ. ಹೋಗಬಹುದಿತ್ತು. ಅವಳೇ ಹೋಗಲಿಲ್ಲ. ಅವರು ಕೊಟ್ಟ ಶಿಕ್ಷೆ ತಪ್ಪಲ್ಲದ ತಪ್ಪಿಗೆ ಕೊಟ್ಟದ್ದು ಎಂದು ಅವಳಿಗೆ ಗೊತ್ತಿತ್ತು. ಆದರೂ ಅದನ್ನೇ ಹೊತ್ತುಕೊಂಡಳು. ಆ ಬೆಳಗ್ಗೆ ತಡಮಾಡಿದ ಇನ್ನೊಂದು ತಪ್ಪಿಗೆ ಬೇರೆ ಯಾರೂ ಶಿಕ್ಷೆ ಕೊಡುವವರಿರಲಿಲ್ಲ. ಅದನ್ನು ಕಂಡದ್ದು ನಾನೊಬ್ಬನೇ ಎಂದು ನಾನು ತಿಳಿದಿದ್ದೆ.

ಮೀನಿಗೆ ಈಗ ಮೂರಡಿ. ಇಪ್ಪತ್ತು ವರ್ಷ ಬದುಕುತ್ತದೆ ಎನ್ನುತ್ತಾರೆ.

ಕಳೆದ ವಾರ ನನ್ನನ್ನು ಹಾಸಿ, ನೀರು ತೆಗೆದು, ದಾಕ್ಷಿ ಗಾಜು ಒರೆಸುತ್ತಿದ್ದಳು. ಸರ್ವಮಂಗಳಮ್ಮ ಮಂಚದಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದರು. ನಿದ್ದೆಯೆಂದು ನಾನು ಅಂದುಕೊಂಡಿದ್ದೆ.

"ದಾಕ್ಷಿ," ಎಂದರು. "ಆವತ್ತು ಅವನು ವಾಂತಿ ಮಾಡ್ಕೊಂಡಾಗ ನಾನು ಬಚ್ಚಲ ಹತ್ರ ಇದ್ದೆ. ನಾನೇನಾದ್ರೂ ಅಂದ್ನಾ?"

ಐದು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ದಾಕ್ಷಿಯ ಕೈ ನಿಂತಿತು. ಬಟ್ಟೆಯಿಂದ ಒಂದೊಂದೇ ಹನಿ ನನ್ನ ಮೇಲೆ ಬೀಳುತ್ತಿತ್ತು. ಇಲ್ಲ ಎನ್ನಬಹುದಿತ್ತು. ಮುದುಕಿಯ ಬೆನ್ನು ಅದನ್ನೇ ಕಾಯುತ್ತಿತ್ತು. ಆ ಬೆನ್ನು ಎಷ್ಟು ಬಿಗಿಯಾಗಿತ್ತೆಂದರೆ, ನೀರು ತುಂಬುವಾಗ ನಾನಿದ್ದ ಹಾಗೆ.

"ಅಂದ್ರಿ," ಎಂದಳು.

"ಏನಂದೆ?"

"ಆ ಮೀನು ಮೊದ್ಲು ಆಚೆ ಹಾಕಿ, ಆಮೇಲೆ ಎಲ್ಲಿಗಾದ್ರೂ ಹೋಗಿ ಅಂದ್ರಿ."

ಅತ್ತೆ ಹೊದಿಕೆಯನ್ನು ಕಿವಿಯ ಮೇಲಕ್ಕೆ ಎಳೆದುಕೊಂಡರು.

"ನಾನು ಸರಿ ಅಂದೆ," ಎಂದಳು ದಾಕ್ಷಿ.

ಅವಳು ಮತ್ತೆ ಗಾಜು ಒರೆಸಿದಳು. ಒಳಗಿನಿಂದ ಮೀನು ಬಟ್ಟೆಯ ಹಿಂದೆ ಹಿಂದೆಯೇ ಬಂತು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಅತ್ತೆ ಆ ದಿನ ಊಟಕ್ಕೆ ಏಳಲಿಲ್ಲ. ಮಗ ಹೋದ ಮೇಲೂ ತಪ್ಪಿಸದಿದ್ದ ವಿಭೂತಿಯನ್ನು ಮಾರನೆಯ ದಿನ ಗಾಜಿಗೆ ಎಳೆಯಲಿಲ್ಲ. ದಾಕ್ಷಿ ಒತ್ತಾಯ ಮಾಡಲಿಲ್ಲ. ಮೀನಿಗೆ ಹೊತ್ತಿಗೆ ಸರಿಯಾಗಿ ಕಾಳು ಹಾಕಿದಳು.

ವಸ್ತುಗಳಿಗೆ ಹೆಮ್ಮೆ ಪಡುವ ಅವಕಾಶ ಕಡಿಮೆ. ಲಕ್ಷಾಂತರ ಕೊಬ್ಬರಿಯನ್ನು ಒದ್ದೆಯಾಗದಂತೆ ಕಾದೆ. ಅದು ಎಲ್ಲ ಟಾರ್ಪಾಲುಗಳೂ ಮಾಡುವ ಕೆಲಸ. ಹದಿನೈದು ದಿನ ಒಂದು ಜೀವವನ್ನು ನೀರಿನ ಸಮೇತ ಹಿಡಿದುಕೊಂಡಿದ್ದೆ. ಅದು ನಾನೊಬ್ಬನೇ ಮಾಡಿದ್ದು. ನನ್ನ ಆಯುಷ್ಯದಲ್ಲಿ ಅಷ್ಟು ಚೆನ್ನಾಗಿ ಮಾಡಿದ ಕೆಲಸ ಇನ್ನೊಂದಿಲ್ಲ. ಆ ಬೆಳಗ್ಗೆ ನನ್ನಲ್ಲಿ ಇನ್ನೊಂದು ತೂತಿದ್ದಿದ್ದರೆ, ಇದು ಆಗುವುದಿಲ್ಲ ಎಂದು ಅವನು ನನ್ನನ್ನು ಬಿಸಾಡಿ, ಮೀನನ್ನು ಕೈಬಿಟ್ಟು, ವಾಂತಿಯಾದ ತಕ್ಷಣ ಹೆಂಡತಿಯ ಹಿಂದೆ ಹೊರಟುಹೋಗುತ್ತಿದ್ದ. ಬಾಬಾಜಾನನ ಬೀಡಿಯಿಂದ ಒಂದೇ ಕಿಡಿ ಬಿತ್ತು.

ಮಡಚುವಾಗ ದಾಕ್ಷಿ ಯಾವಾಗಲೂ ತೇಪೆ ಮೇಲೆ ಬರುವಂತೆ ಮಡಚುತ್ತಾಳೆ. ಅದರ ಸುತ್ತಲಿನ ನನ್ನ ಮೈ ಸವೆದು, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ. ಅವಳು ಹೆಬ್ಬೆರಳಿನಿಂದ ತೇಪೆಯ ಅಂಚನ್ನು ಒಂದು ಸುತ್ತು ಒತ್ತಿ ನೋಡುತ್ತಾಳೆ, ಎಲ್ಲಾದರೂ ಎದ್ದಿದೆಯೇ ಎಂದು.

ಎಲ್ಲಿಯೂ ಎದ್ದಿಲ್ಲ. ಚೆನ್ನಾಗಿ ಒಣಗಿತ್ತು.